ಒರೆಸುವ ಮೊದಲು ನೀರು

ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಯಲ್ಲಿ ಸಂಜೆ ಹೊತ್ತು ದೋಣಿ ನಡೆಸುವುದು ಕಣ್ಣಿಗೆ ಕಷ್ಟದ ಕೆಲಸ. ಹಾಯಿದೋಣಿಗಳಿಗೆ ಹೆಸರಾದ ಅನಾಪೊಲಿಸ್ ಊರು ಇರುವುದು ಕೊಲ್ಲಿಯ ಪಶ್ಚಿಮ ದಡದಲ್ಲಿ. ದಿನವಿಡೀ ನೀರಿನ ಮೇಲೆ ತಿರುಗಾಡಿ ಮರಳುವವರು ಮುಳುಗುವ ಸೂರ್ಯನಿಗೆ ಮುಖ ಮಾಡಿಕೊಂಡೇ ಬರಬೇಕು. ನೀಲಿ ಏಡಿ ಹಿಡಿಯಲು ತಳಕ್ಕೆ ಬಿಟ್ಟ ತಂತಿಬೋನುಗಳ ಗುರುತಿಗೆಂದು ನೀರಿನ ಮೇಲೆ ಸಾಲುಸಾಲಾಗಿ ತೇಲುಬುರುಡೆಗಳು ಇರುತ್ತವೆ. ಅವುಗಳ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ದೋಣಿ ಅಲ್ಲಿಗೇ ನಿಂತಿತು. ಬಾಲ್ಟಿಮೋರ್ ಬಂದರಿಗೆ ಹೋಗುವ ದೊಡ್ಡ ಕಂಟೇನರ್ ಹಡಗುಗಳು ಅದೇ ನೀರಿನಲ್ಲಿ ಸಾಗುತ್ತವೆ. ಇಷ್ಟನ್ನೂ ಚುಕ್ಕಾಣಿ ಹಿಡಿದವರು ನೋಡುವುದು ಸುಮಾರು ಒಂದು ಮಿಲಿಮೀಟರ್ ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೂಲಕ. ದೋಣಿಯ ಕ್ಯಾನ್ವಾಸ್ ಹೊದಿಕೆಗೆ ಹೊಲಿದ ವಿನೈಲ್ ಕಿಟಕಿ ಅದು.

ಈ ಕಿಟಕಿಗಳನ್ನು ಕೆಡಿಸುವುದು ಬಿಸಿಲು ಎಂದು ಎಲ್ಲರೂ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಬಿಸಿಲು ತನ್ನ ಕೆಲಸ ಮುಗಿಸಲು ವರ್ಷಗಳನ್ನೇ ತೆಗೆದುಕೊಳ್ಳುತ್ತದೆ. ಒಣಗಿದ ಉಪ್ಪು ಕೂತ ಕಿಟಕಿಯನ್ನು ಒಣ ಬಟ್ಟೆಯಿಂದ ಒರೆಸುವ ಕೈಗೆ ಅರ್ಧ ನಿಮಿಷ ಸಾಕು. ನನ್ನ ಕಣ್ಣಿಗೆ ಬಿದ್ದ ಹಾಳಾದ ಕಿಟಕಿಗಳಲ್ಲಿ ಹೆಚ್ಚಿನವು ಆರೈಕೆಯಿಲ್ಲದೆ ಹಾಳಾದವಲ್ಲ. ತಪ್ಪು ಆರೈಕೆ ಮಾಡಿ, ಅದನ್ನೂ ಬಹಳ ಶ್ರದ್ಧೆಯಿಂದ ಮಾಡಿ, ಹಾಳು ಮಾಡಿದವು. ಈ ಬರಹದ ಕಾಳಜಿಯೂ ಅದೇ.

ಗಾಜನ್ನೇ ಯಾಕೆ ಹಾಕಬಾರದು ಎಂಬ ಪ್ರಶ್ನೆ ಸಹಜ. ದೊಡ್ಡ ದೋಣಿಗಳಲ್ಲಿ ಹಾಕುತ್ತಾರೆ ಕೂಡ. ಆದರೆ ಹಾಯಿದೋಣಿಯಲ್ಲಿ ಚುಕ್ಕಾಣಿ ಹಿಡಿದವರ ಮುಂದೆ ಅಲೆಯ ಎರಚಲು ತಡೆಯಲು ಕಟ್ಟುವ ಹೊದಿಕೆ ಬೇಕೆಂದಾಗ ಕೆಳಗೆ ಬಾಗಿ ಕೂರಬೇಕು. ಮೋಟಾರು ದೋಣಿಯ ಮೇಲಟ್ಟದ ಸುತ್ತ ಕಟ್ಟಿದ ಪರದೆ ಸೆಕೆಯಾದಾಗ ಜಿಪ್ ಬಿಚ್ಚಿ ಮೇಲಕ್ಕೆ ಸುತ್ತುವಂತಿರಬೇಕು. ದೋಣಿಯ ಎತ್ತರದಲ್ಲಿ ತೂಕ ಹೆಚ್ಚಾದಷ್ಟೂ ಅದು ಹೆಚ್ಚು ಓಲಾಡುತ್ತದೆ. ಹಗುರಾಗಿ, ಬಾಗುವಂತೆ, ಹೊಲಿಯಲು ಬರುವಂತೆ ಇರುವ ಪಾರದರ್ಶಕ ವಸ್ತು ಎಂದರೆ ವಿನೈಲ್ ಎಂದೂ ಕರೆಯುವ ಮೆದು ಪಿವಿಸಿ ಪ್ಲಾಸ್ಟಿಕ್ಕೇ.

ಪಿವಿಸಿ ಹುಟ್ಟಿದ್ದೂ ಬಿಸಿಲಿನಲ್ಲೇ. 1872ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಯೂಗನ್ ಬೌಮಾನ್ ಬಿಸಿಲಿಗೆ ಇಟ್ಟಿದ್ದ ವಿನೈಲ್ ಕ್ಲೋರೈಡ್ ತುಂಬಿದ ಗಾಜಿನ ಪಾತ್ರೆಯೊಳಗೆ ಬಿಳಿಯ ಘನವಸ್ತುವೊಂದು ರೂಪುಗೊಂಡಿತು. ಗಟ್ಟಿ, ಪೆಡಸು, ಯಾವುದಕ್ಕೂ ಬಾರದ ವಸ್ತು. ಅದಕ್ಕೆ ಮೆದುತನ ಬಂದದ್ದು 1926ರಲ್ಲಿ. ಅಮೆರಿಕದ ಗುಡ್‌ರಿಚ್ ಕಂಪನಿಯಲ್ಲಿ ರಬ್ಬರನ್ನು ಲೋಹಕ್ಕೆ ಅಂಟಿಸುವ ಅಂಟು ಹುಡುಕುತ್ತಿದ್ದ ವಾಲ್ಡೋ ಸೀಮನ್ ಪಿವಿಸಿಯನ್ನು ದ್ರಾವಕವೊಂದರಲ್ಲಿ ಕುದಿಸಿದಾಗ ಬಾಗುವ, ಎಳೆದರೆ ಹಿಗ್ಗುವ ವಸ್ತು ಕೈಗೆ ಬಂತು. ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಸರಪಳಿಗಳ ನಡುವೆ ಎಣ್ಣೆಯಂಥ ರಾಸಾಯನಿಕ ಸೇರಿಕೊಂಡು ಅವು ಒಂದರ ಮೇಲೊಂದು ಜಾರುವಂತೆ ಮಾಡುತ್ತದೆ. ಇದನ್ನು ಪ್ಲಾಸ್ಟಿಸೈಸರ್ ಎನ್ನುತ್ತಾರೆ. ಮೆದು ಪಿವಿಸಿಯ ತೂಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇದೇ ಇರುವುದುಂಟು.

ದೋಣಿಯ ಕಿಟಕಿಯ ಸುಖದುಃಖವೆಲ್ಲ ಈ ಎಣ್ಣೆಯಲ್ಲಿದೆ. ಇದು ಸರಪಳಿಗಳಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ನಡುವೆ ಸುಮ್ಮನೆ ಕೂತಿರುತ್ತದೆ. ಹಾಗಾಗಿ ಬಿಸಿಲಿನ ಕಾವಿಗೆ ನಿಧಾನವಾಗಿ ಹೊರಬರುತ್ತದೆ. ದ್ರಾವಕ ಸವರಿದರೆ ಬೇಗ ಹೊರಬರುತ್ತದೆ. ಪಕ್ಕದಲ್ಲಿ ಬೇರೆ ಪ್ಲಾಸ್ಟಿಕ್ ಅಂಟಿಕೊಂಡಿದ್ದರೆ ಅದಕ್ಕೂ ದಾಟಿಕೊಳ್ಳುತ್ತದೆ. ಎಣ್ಣೆ ಕಳೆದುಕೊಂಡ ಹಾಳೆ ಬಿರುಸಾಗುತ್ತದೆ, ಕುಗ್ಗುತ್ತದೆ. ಹಳೆಯ ಹೊದಿಕೆಗಳಲ್ಲಿ ಜಿಪ್ಪಿನ ಎರಡು ಬದಿಗಳು ಒಂದಕ್ಕೊಂದು ನಿಲುಕದೆ ಎಳೆದಾಡಬೇಕಾಗುವುದಕ್ಕೆ ಈ ಕುಗ್ಗುವಿಕೆ ಒಂದು ಕಾರಣ. ಇನ್ನೊಂದು ಕಡೆ ಅತಿನೇರಳೆ ಕಿರಣಗಳು ಸರಪಳಿಯಿಂದಲೇ ಕ್ಲೋರಿನ್ನನ್ನೂ ಹೈಡ್ರೋಜನ್ನನ್ನೂ ಕಿತ್ತು ಹೈಡ್ರೋಕ್ಲೋರಿಕ್ ಆಮ್ಲವಾಗಿ ಹೊರಹಾಕುತ್ತವೆ. ಕಿತ್ತ ಜಾಗದಲ್ಲಿ ಉಳಿಯುವ ಜೋಡಿಬಂಧಗಳು ಸಾಲಾಗಿ ಬೆಳೆದಂತೆ ಹಾಳೆ ಮೊದಲು ಹಳದಿಯಾಗಿ ಆಮೇಲೆ ಕಂದಾಗುತ್ತದೆ. ಆ ಹಳದಿ ಕೊಳೆಯಲ್ಲ. ಯಾವ ಪಾಲಿಶ್ ಹಾಕಿ ಉಜ್ಜಿದರೂ ಹೋಗುವುದಿಲ್ಲ. ಹೋಗಿಸುತ್ತೇವೆಂದು ಮಾರುವವರ ಮಾತು ನಂಬಬೇಡಿ.

ಇನ್ನು ತೊಳೆಯುವ ವಿಷಯ. ಅನಾಪೊಲಿಸ್ಸಿನ ಕಡೆ ದೋಣಿಯ ಕ್ಯಾನ್ವಾಸ್ ಹೊಲಿಯುವ ಹಿರಿಯರೊಬ್ಬರು ಕೆಲಸ ಮಾಡುವುದನ್ನು ಹತ್ತಿರ ನಿಂತು ನೋಡಿದ್ದೇನೆ. ಅವರು ಮೊದಲು ಕೈಗೆ ತೆಗೆದುಕೊಂಡದ್ದು ಬಟ್ಟೆಯನ್ನಲ್ಲ, ಪೈಪನ್ನು. ತುದಿಯ ನಳಿಕೆ ಕಳಚಿ, ಒತ್ತಡವಿಲ್ಲದ ಸಿಹಿನೀರನ್ನು ಕಿಟಕಿಯ ಮೇಲಂಚಿನ ಹೊಲಿಗೆಗುಂಟ ಎಡದಿಂದ ಬಲಕ್ಕೆ ಹರಿಯಬಿಟ್ಟರು. ನೀರು ಪರದೆಯಂತೆ ಒಂದೇ ಸಮ ಕೆಳಗಿಳಿಯಿತು. ಒಮ್ಮೆ ಆದ ಮೇಲೆ ಕೆಲವು ನಿಮಿಷ ಬಿಟ್ಟು ಇನ್ನೊಮ್ಮೆ. ಮೊದಲ ನೀರು ಉಪ್ಪನ್ನು ನೆನೆಸುತ್ತದೆ, ಎರಡನೆಯದು ಒಯ್ಯುತ್ತದೆ ಎಂದರು. ಆಮೇಲೆ ಬೆರಳ ಹಿಂಭಾಗವನ್ನು ಒದ್ದೆ ಹಾಳೆಯ ಮೇಲೆ ಮೆಲ್ಲಗೆ ಆಡಿಸಿ ನೋಡಿದರು. ತರಿತರಿ ಸಿಕ್ಕಿದರೆ ಮತ್ತೆ ನೀರು, ನುಣುಪಾಗಿದ್ದರೆ ಮಾತ್ರ ಸೋಪು. ಅಷ್ಟು ಹೊತ್ತೂ ಬಟ್ಟೆ ಬಕೀಟಿನಲ್ಲೇ ಇತ್ತು.

ಇದರ ಕಾರಣ ಸರಳ. ಸಮುದ್ರದ ಎರಚಲು ಒಣಗಿದ ಜಾಗದಲ್ಲಿ ಉಪ್ಪು ಚೂಪು ಮೂಲೆಗಳ ಹರಳಾಗಿ ಕೂರುತ್ತದೆ. ಮೆದು ವಿನೈಲಿನ ಮೇಲೆ ಒಣ ಬಟ್ಟೆ ಎಳೆದರೆ ಉಪ್ಪುಕಾಗದ ಉಜ್ಜಿದ ಹಾಗೇ. ಚೆಸಪೀಕ್‌ನ ನೀರು ಪೂರ್ತಿ ಕಡಲಿನಷ್ಟು ಉಪ್ಪಲ್ಲ. ಸಸ್ಕ್ವೆಹಾನಾ ನದಿ ಬಂದು ಸೇರುವ ಉತ್ತರ ತುದಿಯಲ್ಲಿ ಸಿಹಿಯೇ, ತೆಂಕಣಕ್ಕೆ ಹೋದಂತೆ ಉಪ್ಪೇರುತ್ತದೆ. ಹಾಗೆಂದು ಉತ್ತರದವರು ನಿಶ್ಚಿಂತೆಯಿಂದ ಇರುವಂತಿಲ್ಲ. ವಸಂತದಲ್ಲಿ ಪೈನ್ ಮತ್ತು ಓಕ್ ಮರಗಳ ಪರಾಗ ಹಳದಿ ಹುಡಿಯಾಗಿ ದೋಣಿಯನ್ನೆಲ್ಲ ಮುಚ್ಚುತ್ತದೆ. ನೀರಿನಲ್ಲಿ ನೆಟ್ಟ ಗುರುತುಕಂಬಗಳ ಮೇಲೆ ಮೀನು ಹಿಡಿಯುವ ಆಸ್ಪ್ರೇ ಡೇಗೆಗಳು ಗೂಡು ಕಟ್ಟುತ್ತವೆ. ಅವುಗಳ ಹಿಕ್ಕೆ ಕಿಟಕಿಯ ಮೇಲೆ ಬೀಳುತ್ತದೆ. ಡೀಸೆಲ್ ಎಂಜಿನ್ನಿನ ಮಸಿ ಹಿಂದಿನ ಕಿಟಕಿಗೆ ಮೆತ್ತುತ್ತದೆ. ಇವು ಯಾವುದನ್ನೂ ಉಗುರಿನಿಂದ ಕೆರೆಯಬಾರದು. ನೆನೆಸಿದ ಬಟ್ಟೆಯ ತುಂಡನ್ನು ಹಿಕ್ಕೆಯ ಮೇಲೆ ಕಾಲು ಗಂಟೆ ಹೊದಿಸಿಟ್ಟರೆ ಅದು ತಾನಾಗಿ ಬಿಡುತ್ತದೆ.

ಸೋಪು ಎಂದರೆ ಪಾತ್ರೆ ತೊಳೆಯುವ ಸೌಮ್ಯ ದ್ರವದ ಕೆಲವು ಹನಿ ಅಥವಾ ಮಕ್ಕಳ ಶಾಂಪೂ, ಉಗುರುಬೆಚ್ಚಗಿನ ನೀರಿನಲ್ಲಿ. ತೊಳೆಯಲು ಬೆಳಗಿನ ಹೊತ್ತು ಒಳ್ಳೆಯದು. ಬಿಸಿಲಲ್ಲಿ ಕಾದ ಹಾಳೆ ಇನ್ನೂ ಮೆದುವಾಗಿರುತ್ತದೆ, ಗೀರು ಬೇಗ ಬೀಳುತ್ತದೆ, ಸೋಪೂ ಒಣಗಿ ಕಲೆ ಕಟ್ಟುತ್ತದೆ. ಸ್ವಚ್ಛವಾದ ಮೈಕ್ರೋಫೈಬರ್ ಬಟ್ಟೆ ಅಥವಾ ಹಳೆಯ ಮೆದು ಹತ್ತಿ ಬಟ್ಟೆ ಸಾಕು. ಒತ್ತುವುದು ಬೇಡ, ಬಟ್ಟೆಯ ಭಾರವೇ ಕೆಲಸ ಮಾಡಲಿ. ಡೆಕ್ ತೊಳೆದ ಬಟ್ಟೆಯನ್ನು ಕಿಟಕಿಗೆ ತರಬೇಡಿ, ಅದರ ನೂಲುಗಳಲ್ಲಿ ಮರಳು ಕೂತಿರುತ್ತದೆ. ಪೇಪರ್ ಟವಲ್ ಮೆದುವೆಂದು ಕಂಡರೂ ಅದು ಮರದ ನಾರು, ಗೀರುತ್ತದೆ. ಬ್ರಷ್ ಬೇಡವೇ ಬೇಡ. ಕೊನೆಗೆ ಮತ್ತೆ ಸಿಹಿನೀರು ಹಾಯಿಸಿ ನೀರು ಹೀರುವ ಶ್ಯಾಮಿ ಬಟ್ಟೆಯನ್ನು ಮೇಲೆ ಹರವಿ ಒತ್ತಿ ತೆಗೆಯಬೇಕು. ನೀರು ತಾನಾಗಿ ಆರಿದರೆ ಅದರಲ್ಲಿನ ಸುಣ್ಣದ ಅಂಶ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ಹಾಗೆ ಉಳಿದ ಚುಕ್ಕೆಗೆ ಬಿಳಿ ವಿನೆಗರನ್ನು ಚೆನ್ನಾಗಿ ನೀರು ಬೆರೆಸಿ ಸವರಿ, ಕೂಡಲೇ ತೊಳೆದುಬಿಟ್ಟರೆ ಹೋಗುತ್ತದೆ.

ಮನೆಯ ಗಾಜು ಒರೆಸುವ ನೀಲಿ ದ್ರವವನ್ನು ದೋಣಿಗೆ ತರಲೇಬಾರದು. ಅಂಥವುಗಳಲ್ಲಿ ಸಾಮಾನ್ಯವಾಗಿ ಅಮೋನಿಯವೋ ಆಲ್ಕೋಹಾಲೋ ಇರುತ್ತದೆ. ಗಾಜಿಗೆ ಅದರಿಂದ ಏನೂ ಆಗದು, ವಿನೈಲ್ ಮಾತ್ರ ತನ್ನ ಎಣ್ಣೆ ಕಳೆದುಕೊಂಡು ಮಬ್ಬಾಗುತ್ತದೆ. ಕಾರಿನ ಗಾಜಿನ ಮೇಲೆ ಮಳೆನೀರು ಜಾರಿಹೋಗಲೆಂದು ಹಚ್ಚುವ ದ್ರವಗಳದ್ದೂ ಇದೇ ಕತೆ. ಅಸಿಟೋನ್, ಥಿನ್ನರ್, ಪೆಟ್ರೋಲು ಹತ್ತಿರ ಬಂದರೆ ಹಾಳೆ ಉಳಿಯುವುದಿಲ್ಲ. ಕಡಿಮೆ ಜನರಿಗೆ ಗೊತ್ತಿರುವ ಇನ್ನೊಂದು ಅಪಾಯವಿದೆ. ಕ್ಯಾನ್ವಾಸ್ ಬಟ್ಟೆಗೆ ನೀರು ಹಿಡಿಯದಿರಲೆಂದು ಸಿಂಪಡಿಸುವ ಸ್ಪ್ರೇ ವಿನೈಲಿಗೆ ಆಗದು. ಬಟ್ಟೆ ಮತ್ತು ಕಿಟಕಿ ಒಂದೇ ಹೊಲಿಗೆಯಲ್ಲಿ ಸೇರಿರುವುದರಿಂದ ಒಂದಕ್ಕೆ ಹೊಡೆದದ್ದು ಇನ್ನೊಂದರ ಮೇಲೆ ಬೀಳದೆ ಇರದು. ಸಿಂಪಡಿಸುವ ಮುನ್ನ ಕಿಟಕಿಯನ್ನು ಪೂರ್ತಿ ಮುಚ್ಚಬೇಕು.

ದ್ರಾವಕಗಳ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಬಾಟಲಿಗಳದ್ದಲ್ಲ, ಕೈಗಳದ್ದು. ಬೇಸಿಗೆಯಲ್ಲಿ ದೋಣಿ ಹತ್ತುವ ಪ್ರತಿಯೊಬ್ಬರೂ ಮೈಗೆ ಸನ್‌ಸ್ಕ್ರೀನ್ ಹಚ್ಚಿರುತ್ತಾರೆ. ಸಂಜೆಯ ಸೊಳ್ಳೆಗೆ ಡೀಟ್ ಇರುವ ಔಷಧ ಹೊಡೆದುಕೊಂಡಿರುತ್ತಾರೆ. ಡೀಟ್ ಹಲವು ಪ್ಲಾಸ್ಟಿಕ್ಕುಗಳನ್ನು ಕರಗಿಸುವ ದ್ರಾವಕ. ದೋಣಿ ಓಲಾಡಿದಾಗ ಆ ಕೈ ಆಧಾರಕ್ಕೆ ಮುಟ್ಟುವುದು ಕಿಟಕಿಯನ್ನೇ. ಮರುದಿನ ಅಲ್ಲಿ ಅಂಗೈಯ ಅಚ್ಚು ಬಿಳಿಚಾಗಿ ಮೂಡಿರುತ್ತದೆ, ಕೆಲವೊಮ್ಮೆ ಬೆರಳಿನ ಗೆರೆಗಳ ಸಮೇತ. ಕೂಡಲೇ ಸೋಪಿನ ನೀರಿನಲ್ಲಿ ತೊಳೆದರೆ ಉಳಿಯಬಹುದು, ವಾರ ಕಳೆದರೆ ಇಲ್ಲ. ಬಂದವರಿಗೆ ದೋಣಿ ಹತ್ತುವಾಗಲೇ ಹಿಡಿದುಕೊಳ್ಳುವ ಸರಳು ಎಲ್ಲಿದೆ ಎಂದು ತೋರಿಸಿಕೊಡುವುದು, ಸ್ಪ್ರೇ ಮಾಡಿಕೊಳ್ಳುವುದಿದ್ದರೆ ದಡದಲ್ಲೇ ಮಾಡಿಕೊಳ್ಳಿ ಎನ್ನುವುದು ಅತಿಥಿಸತ್ಕಾರಕ್ಕೆ ಕೊರತೆಯಲ್ಲ.

ಹಾಳೆಗಳಲ್ಲೂ ದರ್ಜೆಗಳಿವೆ. ಅಮೆರಿಕದಲ್ಲಿ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ. 30 ಗೇಜ್ ಎಂದರೆ ಇಂಚಿನ ಸಾವಿರದಲ್ಲಿ 30 ಪಾಲು, ಸುಮಾರು 0.76 ಮಿಲಿಮೀಟರ್. 40 ಗೇಜ್ ಎಂದರೆ ಒಂದು ಮಿಲಿಮೀಟರಿನಷ್ಟು. ಸುರುಳಿಯಲ್ಲಿ ಸಿಗುವ ಅಗ್ಗದ ಹಾಳೆಯ ಮೂಲಕ ನೋಡಿದರೆ ದೂರದ ಗೆರೆಗಳು ಅಲುಗುತ್ತವೆ. ನುಣುಪು ಲೋಹದ ಫಲಕಗಳ ನಡುವೆ ಬಿಸಿಯಾಗಿ ಒತ್ತಿ ಮಾಡಿದ ಹಾಳೆಯಲ್ಲಿ ನೋಟ ನೇರವಾಗಿರುತ್ತದೆ. ಸ್ಟ್ರಾಟಾಗ್ಲಾಸ್ ಎಂಬ ಹಾಳೆಗೆ ಇದರ ಮೇಲೆ ಗೀರು ತಡೆಯುವ ಲೇಪವೂ ಇರುತ್ತದೆ. ಇದನ್ನು ತಿಳಿದಿರಲೇಬೇಕು, ಏಕೆಂದರೆ ಲೇಪವಿಲ್ಲದ ಹಾಳೆಗೆ ಒಳ್ಳೆಯದಾದದ್ದು ಲೇಪವಿರುವುದಕ್ಕೆ ಕೆಟ್ಟದ್ದು. ಲೇಪವಿಲ್ಲದ ವಿನೈಲಿನಲ್ಲಿ ಕೂದಲೆಳೆಯಂಥ ಗೀರುಗಳಿದ್ದರೆ ಮೆಗ್ವಾಯರ್ಸ್ ಕಂಪನಿಯ 17ನೇ ನಂಬರಿನ ಪ್ಲಾಸ್ಟಿಕ್ ಕ್ಲೀನರಿನಿಂದ ಉಜ್ಜಿ, 10ನೇ ನಂಬರಿನ ಪಾಲಿಶ್ ಹಚ್ಚುವ ರೂಢಿ ಹಳೆಯದು. ಅದೇ ಪಾಲಿಶ್ ಸ್ಟ್ರಾಟಾಗ್ಲಾಸಿನ ಮೇಲೆ ಉಜ್ಜಿದರೆ ಲೇಪವೇ ಸವೆದುಹೋಗುತ್ತದೆ. ಅದರ ತಯಾರಕರು ಐಮಾರ್ ಕಂಪನಿಯ ದ್ರವಗಳನ್ನು ಶಿಫಾರಸು ಮಾಡುತ್ತಾರೆ. ನಿಮ್ಮ ಹಾಳೆ ಯಾವುದೆಂದು ಹೊಲಿದವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಇದಕ್ಕಿಂತ ಒಳ್ಳೆಯ ಹತ್ತು ನಿಮಿಷದ ಕೆಲಸ ಇಲ್ಲ.

ಬಿಸಿಲಿನಿಂದ ಕಾಪಾಡುವ ದ್ರವಗಳೂ ಇವೆ, ಅವುಗಳಿಂದ ಪ್ರಯೋಜನವೂ ಇದೆ. ಆದರೆ ದೋಣಿ ಕಟ್ಟಿಹಾಕಿರುವ ದಿನಗಳಲ್ಲಿ ಕಿಟಕಿಯ ಹೊರಗೆ ತಿಳಿಬಣ್ಣದ ಬಟ್ಟೆಯ ಮುಸುಕನ್ನು ಗುಂಡಿ ಹಾಕಿ ಕೂರಿಸುವುದರ ಮುಂದೆ ಅವೆಲ್ಲ ಸಣ್ಣವು. ಬಹುಪಾಲು ದೋಣಿಗಳು ಬಹುಪಾಲು ದಿನ ಕಟ್ಟಿಹಾಕಿಯೇ ಇರುತ್ತವೆ. ನನ್ನನ್ನು ಕೇಳಿದರೆ ದುಡ್ಡು ಹಾಕಬೇಕಾದದ್ದು ಮೊದಲು ಅಲ್ಲಿ.

ಸುತ್ತುವುದರಲ್ಲೂ ಒಂದು ಕ್ರಮವಿದೆ. ವಿನೈಲನ್ನು ಮಡಚಬಾರದು, ಮಡಿಕೆ ಬಿದ್ದ ಗೆರೆ ಹೋಗುವುದಿಲ್ಲ. ಒದ್ದೆಯಿದ್ದಾಗ ಸುತ್ತಬಾರದು. ಮೆದು ವಿನೈಲ್ ತೇವ ಹೀರಿ ಹಾಲಿನಂತೆ ಮಸುಕಾಗುತ್ತದೆ. ಇದನ್ನು ನೋಡಿ ಗಾಬರಿಯಾಗಿ ಪಾಲಿಶ್ ಹಾಕಿ ಉಜ್ಜುವವರಿದ್ದಾರೆ. ಬೇಕಿಲ್ಲ. ಬಿಚ್ಚಿ ಗಾಳಿಗೆ ಹರವಿದರೆ ತೇವ ಆರಿ ಹಾಳೆ ತಿಳಿಯಾಗುತ್ತದೆ. ಹಾಗೆ ತಿಳಿಯಾಗದಿದ್ದರೆ ಮಾತ್ರ ಅದು ಬೇರೆ ರೋಗ. ಸುತ್ತುವಾಗ ಪದರಗಳ ನಡುವೆ ಬಿಳಿಯ ಮೆದು ಬಟ್ಟೆ ಹಾಸಬೇಕು. ಸುದ್ದಿಪತ್ರಿಕೆ ಹಾಸಿದರೆ ಮಸಿ ಹಾಳೆಗೆ ಇಳಿಯುತ್ತದೆ, ಬಣ್ಣದ ಬಟ್ಟೆ ಹಾಸಿದರೆ ಬಣ್ಣ ಇಳಿಯುತ್ತದೆ, ಗುಳ್ಳೆ ಪ್ಲಾಸ್ಟಿಕ್ ಹಾಸಿದರೆ ಗುಳ್ಳೆಗಳ ಅಚ್ಚು ಬೀಳುತ್ತದೆ. ಹೊದಿಕೆಯನ್ನು ಎತ್ತಿ ಹಿಡಿಯುವ ಸ್ಟೀಲ್ ಕೊಳವೆಗಳು ಬಿಸಿಲಲ್ಲಿ ಕಾದು, ಮುಟ್ಟಿದ ಕಡೆಯೆಲ್ಲ ವಿನೈಲಿನ ಮೇಲೆ ಕಂದು ಪಟ್ಟೆ ಮೂಡಿಸುತ್ತವೆ. ಆ ಜಾಗದಲ್ಲಿ ಕೊಳವೆಗೆ ತಿಳಿಬಣ್ಣದ ಬಟ್ಟೆಯ ತೋಳು ಹೊಲಿಸಿ ಹಾಕಿದರೆ ಸಾಕು.

ಅನಾಪೊಲಿಸ್ ಇರುವ ಮೇರಿಲ್ಯಾಂಡ್ ರಾಜ್ಯದಲ್ಲಿ ಚಳಿಗಾಲಕ್ಕೆ ಅನೇಕ ದೋಣಿಗಳನ್ನು ದಡಕ್ಕೆ ಎತ್ತಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಿಸಿಗಾಳಿ ಊದಿ ಅದನ್ನು ಬಿಗಿಯಾಗಿಸುತ್ತಾರೆ. ಆ ಬಿಸಿಗೆ ಸಿಕ್ಕಿದ ಕಿಟಕಿ ಸೊಟ್ಟಗಾಗುತ್ತದೆ. ಅದಕ್ಕೂ ಮೊದಲೇ ಕಳಚಿ ಮನೆಗೆ ಒಯ್ಯಬೇಕು. ಕಳಚುವುದೂ ಬೆಚ್ಚಗಿನ ದಿನವೇ ಆಗಲಿ. ಚಳಿಯಲ್ಲಿ ವಿನೈಲ್ ಬಿರುಸಾಗಿ, ಬಾಗಿಸಿದರೆ ಒಡೆಯುತ್ತದೆ. ಮನೆಯಲ್ಲಿ ಮಂಚದ ಕೆಳಗೆ ಚಪ್ಪಟೆಯಾಗಿ ಹಾಸಿಡುವುದು ಎಲ್ಲಕ್ಕಿಂತ ಒಳ್ಳೆಯದು.

ಜಿಪ್ಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಹಿನೀರಿನಲ್ಲಿ ಉಪ್ಪು ತೊಳೆದು ಆಗಾಗ ಮೇಣ ಸವರಿದರೆ ಓಡುತ್ತದೆ. ದಾರದ ವಿಷಯ ಹಾಗಲ್ಲ. ಬಟ್ಟೆ ಗಟ್ಟಿ, ಕಿಟಕಿ ತಿಳಿ, ಆದರೆ ಪಾಲಿಯೆಸ್ಟರ್ ದಾರ ಬಿಸಿಲಿಗೆ ಮೊದಲೇ ಜೀರ್ಣವಾಗಿ ಒಂದು ಗಾಳಿಗೆ ಹೊಲಿಗೆಯೇ ಬಿಟ್ಟುಹೋಗುವುದುಂಟು. ಹೊಲಿಗೆಯ ಮೇಲೆ ಉಗುರು ಎಳೆದಾಗ ದಾರ ಹುಡಿಯಾಗಿ ಬಂದರೆ ಮರುಹೊಲಿಗೆಗೆ ಕೊಡುವ ಕಾಲ ಬಂತು. ಬಿಸಿಲಿಗೆ ಜಗ್ಗದ ಪಿಟಿಎಫ್‌ಇ ದಾರ ದುಬಾರಿ. ಹೊಲಿಗೆಯ ಕೂಲಿ ದಾರದ ಬೆಲೆಗಿಂತ ಬಹಳ ಹೆಚ್ಚಾದ್ದರಿಂದ ಅದನ್ನೇ ಕೇಳುವುದು ಲೇಸು.

ಕಿಟಕಿಯನ್ನು ಯಾವಾಗ ಬದಲಿಸಬೇಕು? ನೆರಳಿನಲ್ಲಿ ನಿಂತು ನೋಡಿದರೆ ಬಹುತೇಕ ಎಲ್ಲ ಕಿಟಕಿಗಳೂ ಚೆನ್ನಾಗಿಯೇ ಕಾಣುತ್ತವೆ. ಸಣ್ಣ ಗೀರು ಕಣ್ಣಿಗೆ ಕಾಣುವುದು ಅದರ ಮೇಲೆ ಓರೆಯಾಗಿ ಬೆಳಕು ಬಿದ್ದಾಗ. ಪ್ರತಿ ಗೀರೂ ಬೆಳಕನ್ನು ತನ್ನ ದಾರಿಯಿಂದ ಸಿಡಿಸುತ್ತದೆ. ಸಾವಿರ ಗೀರು ಸೇರಿದಾಗ ಇಡೀ ಹಾಳೆ ಬೆಳ್ಳಗೆ ಉರಿದಂತೆ ಕಂಡು ಆಚೆಗಿನದ್ದು ಮರೆಯಾಗುತ್ತದೆ. ಆದ್ದರಿಂದ ಪರೀಕ್ಷೆ ಮಾಡಬೇಕಾದದ್ದು ಇಳಿಬಿಸಿಲಿಗೆ ಎದುರಾಗಿ, ಮತ್ತೆ ಕತ್ತಲಾದ ಮೇಲೆ. ದೋಣಿಯ ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸಿರು. ಎದುರಿನಿಂದ ಬರುವ ದೋಣಿ ಯಾವ ಕಡೆ ತಿರುಗಿದೆ ಎಂದು ರಾತ್ರಿ ಗೊತ್ತಾಗುವುದು ಆ ಬಣ್ಣಗಳಿಂದ. ಅವು ಬಿಂದುವಾಗಿ ಕಾಣದೆ ಹರಡಿದ ಮಸುಕಾಗಿ ಕಂಡರೆ ಆ ಕಿಟಕಿಯ ಆಯುಸ್ಸು ಮುಗಿಯಿತು. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ 5ನೇ ನಿಯಮದ ಪ್ರಕಾರ ಪ್ರತಿ ದೋಣಿಯೂ ಎಲ್ಲ ಹೊತ್ತಿನಲ್ಲೂ ಕಣ್ಣಿನಿಂದಲೂ ಕಿವಿಯಿಂದಲೂ ಸರಿಯಾದ ಕಾವಲು ಇಟ್ಟಿರಬೇಕು. ರಾತ್ರಿ ಮುಂದಿನ ಕಿಟಕಿಯನ್ನು ಸುತ್ತಿ ಮೇಲೆ ಕಟ್ಟಿ, ಚಳಿ ಸಹಿಸಿಕೊಂಡು ನಡೆಸುವ ಅನುಭವಿಗಳು ಅದಕ್ಕಾಗಿಯೇ ಹಾಗೆ ಮಾಡುತ್ತಾರೆ. ಬದಲಿಸುವಾಗ ಇಡೀ ಹೊದಿಕೆ ಹೊಸದಾಗಬೇಕಿಲ್ಲ. ಕ್ಯಾನ್ವಾಸ್ ಗಟ್ಟಿಯಿದ್ದರೆ ಹಾಳೆಯನ್ನಷ್ಟೇ ಬಿಚ್ಚಿ ಹೊಸದು ಹೊಲಿಯುತ್ತಾರೆ.

ದೋಣಿಯ ಗೊಡವೆಯೇ ಇಲ್ಲದ ಕನ್ನಡದ ಓದುಗರಿಗೂ ಈ ಹಾಳೆ ಅಪರಿಚಿತವಲ್ಲ. ಆಟೋದ ಟಾಪಿನ ಹಿಂಬದಿಗೆ ಹೊಲಿದ ಹಳದಿಗಟ್ಟಿದ ಕಿಟಕಿ, ಮಳೆಗಾಲದಲ್ಲಿ ಮಂಗಳೂರಿನ ಮನೆಗಳ ಸಿಟೌಟಿಗೂ ಬೆಂಗಳೂರಿನ ಬಾಲ್ಕನಿಗಳಿಗೂ ಇಳಿಬಿಡುವ ಪಾರದರ್ಶಕ ಪರದೆ, ಎಲ್ಲವೂ ಇದೇ ಮೆದು ಪಿವಿಸಿಯ ಕುಟುಂಬ. ಉಪ್ಪಿನ ಬದಲು ಅಲ್ಲಿ ಕೂರುವುದು ರಸ್ತೆಯ ದೂಳು, ಗೀರುವ ರೀತಿ ಒಂದೇ. ಒಣ ಬಟ್ಟೆ ಹಿಡಿಯುವ ಮೊದಲು ಒಂದು ಬಕೀಟು ನೀರನ್ನು ಮೇಲಿನಿಂದ ಹರಿಯಬಿಡಿ. ಮಳೆ ನಿಂತ ಕೂಡಲೇ ಒದ್ದೆ ಪರದೆಯನ್ನು ಸುತ್ತಿ ಕಟ್ಟಿದರೆ ಒಳಗೆ ಬೂಷ್ಟು ಹಿಡಿಯುತ್ತದೆ, ಆರಲು ಅರ್ಧ ದಿನ ಕೊಡಿ. ಮಳೆಗಾಲ ಮುಗಿದು ಅಟ್ಟಕ್ಕೆ ಏರಿಸುವಾಗ ನಡುವೆ ಹಳೆಯ ಬಿಳಿ ಪಂಚೆ ಹಾಸಿ ಸಡಿಲವಾಗಿ ಸುತ್ತಿ, ಮೇಲೆ ಭಾರ ಹೇರದೆ ಇಡಿ.